ಮೈದಾನದ ಮಣ್ಣು, ಬೇಕಾದವರು ಒಯ್ಯಬಹುದು

ಈಚೆಗೆ ಒಂದು ಭಾನುವಾರ ಸಂಜೆ ಬೆಂಗಳೂರಿನಿಂದ ಬಂದು ಚನ್ನಪಟ್ಟಣದ ಸ್ಟೇಷನ್ನಿನಲ್ಲಿ ಇಳಿದೆ. ಚೀಲ ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ಹೊರಟವನು ನಡುದಾರಿಯಲ್ಲಿ ನಿಂತುಬಿಟ್ಟೆ. ನಮ್ಮ ಸ್ಕೂಲಿನ ಮೈದಾನ ಎತ್ತಿನ ಗಾಡಿ ಹತ್ತಿ ಊರು ಬಿಟ್ಟು ಹೋಗುತ್ತಿತ್ತು.

ತಮಾಷೆ ಮಾಡುತ್ತಿಲ್ಲ. ಒಂದರ ಹಿಂದೆ ಒಂದು ಗಾಡಿ, ಎಲ್ಲದರಲ್ಲೂ ಕಂಠಮಟ್ಟ ಮಣ್ಣು. ಒಂದು ಗಾಡಿಯಲ್ಲಿ ದೊಡ್ಡ ಹೆಂಟೆಯೊಂದರ ಮೇಲೆ ಸುಣ್ಣದ ಬಿಳಿ ಗೆರೆ ಕಾಣುತ್ತಿತ್ತು. ಆ ಗೆರೆಯನ್ನು ನಾನು ಚೆನ್ನಾಗಿ ಬಲ್ಲೆ. ನಮ್ಮ ಓಟದ ಪಂದ್ಯ ಶುರುವಾಗುವುದೇ ಅಲ್ಲಿಂದ. ಅಂದರೆ ನಮ್ಮ ಸ್ಟಾರ್ಟಿಂಗ್ ಲೈನು ಪಕ್ಕದ ಹಳ್ಳಿ ಹೊಂಗನೂರಿನ ದಾರಿ ಹಿಡಿದಿತ್ತು.

ಈ ಕಥೆಯನ್ನು ಇಷ್ಟು ದಿನ ನಿಮಗೆ ಹೇಳಲಿಲ್ಲ. ಕಳೆದ ವಾರಗಳಲ್ಲಿ ಈ ಅಂಕಣದಲ್ಲಿ ಕಾಫಿಯ ಚಟದ ಬಗ್ಗೆ ಬರೆದೆ, ಮದುವೆ ಊಟದ ಬಗ್ಗೆ ಬರೆದೆ. (ಓದಿ ನಕ್ಕೆವು ಎಂದು ಕೆಲವರು ಹೇಳಿದಿರಿ. ಬರೆದವನಿಗೆ ನಗು ಇರಲಿಲ್ಲ.) ಮೈದಾನದ ವಿಷಯ ಎತ್ತಲು ಧೈರ್ಯ ಬರಲಿಲ್ಲ. ಈಗ ಎಲ್ಲ ಮುಗಿದಿದೆ. ಹೊಟ್ಟೆ ತುಂಬ ಊಟ ಮಾಡಿ, ಚೆನ್ನಾಗಿ ನಿದ್ದೆ ಮಾಡಿ ಎದ್ದು ಬರೆಯುತ್ತಿದ್ದೇನೆ.

ಮಹಾನವಮಿ ಕಳೆದ ಮೇಲೆ ಹೊಡೆದ ಮಳೆ ನಿಮಗೆಲ್ಲ ಗೊತ್ತೇ ಇದೆ. ನಮ್ಮೂರ ಮೇಲುಗಡೆಯ ಕೆರೆಯ ಏರಿ ಒಡೆಯಿತು. ನೀರು ನೇರವಾಗಿ ಬಂದದ್ದು ಸ್ಕೂಲಿಗೆ. ದೇವರು ದೊಡ್ಡವನು, ಅದು ರಜೆಯ ಕಾಲ, ಒಂದು ಮಗುವಿಗೂ ಏನೂ ಆಗಲಿಲ್ಲ. ಬೆಂಚುಗಳು ತೇಲಿದವು. ಹೈಜಂಪಿನ ಕಂಬ, ಹರ್ಡಲ್ಸಿನ ಕಟ್ಟಿಗೆ, ರಿಲೇ ಓಟದ ಕೋಲು ಎಲ್ಲ ನೀರಿನ ಜೊತೆ ಹೊರಟುಹೋದವು. ನೀರು ಇಳಿದ ಮೇಲೆ ನೋಡಿದರೆ ಮೈದಾನವೇ ಇಲ್ಲ. ಕೆರೆಯ ತಳದಲ್ಲಿ ವರ್ಷಗಟ್ಟಲೆ ಕೂತಿದ್ದ ಕಪ್ಪು ಹೂಳು, ರೈತರ ಮಾತಿನಲ್ಲಿ ಗೋಡು, ಎದ್ದು ಬಂದು ಮೊಣಕಾಲುದ್ದ ಹರಡಿಕೊಂಡಿತ್ತು.

ಈ ಮೈದಾನ ನಮ್ಮ ಡ್ರಿಲ್ ಮಾಸ್ತರ್ ಖಾದರ್ ಸಾಹೇಬರ ಕೈಯ ಕೆಲಸ. ಅವರು ಸಂಸ್ಥಾನದ ಪಟಾಲಮ್ಮಿನಲ್ಲಿ ಸಿಪಾಯಿಯಾಗಿದ್ದು ಬಂದವರು. ಜಾಲಿಮುಳ್ಳು ಬೆಳೆದಿದ್ದ ಜಾಗವನ್ನು ಹುಡುಗರ ಜೊತೆ ತಾವೂ ಗುದ್ದಲಿ ಹಿಡಿದು ಹದಮಾಡಿದ್ದರು. ಸುಣ್ಣದ ಗೆರೆ ಮಳೆಗೆ ಅಳಿಸುತ್ತದೆಂದು ಸಣ್ಣ ಕಾಲುವೆ ತೋಡಿ ಅದರಲ್ಲಿ ಸುಣ್ಣ ತುಂಬಿಸುತ್ತಿದ್ದರು. ಕ್ಲೋಸ್‌ಪೇಟೆ, ಕಾನಕಾನಹಳ್ಳಿ, ಮಾಗಡಿ, ನಮ್ಮೂರು, ಈ ನಾಲ್ಕು ಊರಿನ ಸ್ಕೂಲುಗಳು ವರ್ಷಕ್ಕೊಂದು ಕಡೆ ಸೇರಿ ಸ್ಪೋರ್ಟ್ಸ್ ನಡೆಸುತ್ತೇವಲ್ಲ, ಈ ಸಲ ಸರದಿ ನಮ್ಮದು. ಕಾರ್ತಿಕ ಮುಗಿಯುವುದರೊಳಗೆ ನಡೆಯಬೇಕು.

ಗೋಡು ನೋಡಿದ ನಮ್ಮ ಸ್ಕೂಲ್ ಕಮಿಟಿ ಅಧ್ಯಕ್ಷರು ಬೇರೆಯೇ ಲೆಕ್ಕ ಹಾಕಿದರು. ಇವರು ಕೆಟ್ಟವರಲ್ಲ. ಆದರೆ ಖಾಲಿ ಜಾಗ ಕಂಡರೆ ಇವರ ಕೈ ಸುಮ್ಮನಿರುವುದಿಲ್ಲ. ಗೂಡಿನ ಸಂತೆಯ ದಿನ ರೇಷ್ಮೆಗೂಡು ತರುವ ಗಾಡಿಗಳು ರಸ್ತೆ ತುಂಬ ನಿಲ್ಲುತ್ತವೆ. ಗಾಡಿಯವರಿಗೆ ಒಂದು ಸ್ಟ್ಯಾಂಡು ಬೇಕು ಎಂದು ಊರಿನಲ್ಲಿ ಎಲ್ಲರ ಬಾಯಲ್ಲೂ ಮಾತು. ಸ್ಪೋರ್ಟ್ಸ್ ನಮ್ಮ ಮೈದಾನದಲ್ಲೇ ನಡೆದರೆ ಸರಿ, ಮೈದಾನ ಸ್ಕೂಲಿಗೇ ಇರುತ್ತದೆ. ನಡೆಯದಿದ್ದರೆ ಸ್ಪೋರ್ಟ್ಸ್ ಕಾನಕಾನಹಳ್ಳಿಗೆ ಹೋಗಲಿ, ಜಾಗವನ್ನು ಗಾಡಿ ಸ್ಟ್ಯಾಂಡಿಗೆ ಗುತ್ತಿಗೆ ಕೊಡೋಣ ಎಂದು ಮೀಟಿಂಗಿನಲ್ಲಿ ಹೇಳಿದರು. ಯಾರೂ ಎದುರಾಡಲಿಲ್ಲ. ಮೊಣಕಾಲುದ್ದ ಗೋಡಿನ ಎದುರು ಏನೆಂದು ಆಡುವುದು?

ಮೀಟಿಂಗು ಮುಗಿದ ಮೇಲೆ ಖಾದರ್ ಸಾಹೇಬರು ನನ್ನ ಜೊತೆ ಬಾಗಿಲವರೆಗೆ ಬಂದರು.

"ಮೇಷ್ಟ್ರೇ, ಮೈದಾನ ಇಲ್ದೆ ಹೋದ್ರೆ ಕಮಿಟಿಗೆ ಡ್ರಿಲ್ ಮಾಸ್ತರ್ ಯಾಕೆ ಬೇಕು? ನಾನು ಎಲ್ಲಿ ನಿಂತು ಸೀಟಿ ಊದ್ಲಿ, ಹೇಳಿ" ಎಂದರು.

ನಾನು ಇಂಗ್ಲಿಷ್ ಮೇಷ್ಟ್ರು. ಸ್ಪೋರ್ಟ್ಸ್ ಕಮಿಟಿಯ ಸೆಕ್ರೆಟರಿ ಬೇರೆ. (ಈ ಹುದ್ದೆ ಹೇಗೆ ಬಂತೆಂದರೆ, ಆಯ್ಕೆಯ ದಿನ ನಾನು ರಜೆಯಲ್ಲಿದ್ದೆ.) ಏನಾದರೂ ಮಾಡೋಣ ಎಂದು ಹೇಳಿ ಹೊರಟೆ. ಮನೆಗೆ ಬಂದು ಊಟಕ್ಕೆ ಕೂತರೂ ಅದೇ ಯೋಚನೆ. ಅಷ್ಟು ಗೋಡನ್ನು ಎತ್ತಿ ಎಲ್ಲಿಗೆ ಹಾಕುವುದು? ಯಾರಿಂದ ಹಾಕಿಸುವುದು?

ನಮ್ಮ ಮನೆಯಾಕೆ ಸಾರು ಬಡಿಸುತ್ತ, ಇದರಲ್ಲಿ ಯೋಚಿಸುವುದೇನಿದೆ, ಕೆರೆಯ ಗೋಡು ಹೊಲಕ್ಕೆ ಒಳ್ಳೆಯ ಗೊಬ್ಬರ, ಅದೆಂದರೆ ರೈತರು ಬಾಯಿ ಬಿಡುತ್ತಾರೆ, ಬೇಕಾದವರು ಒಯ್ಯಿರಿ ಎಂದು ಸಾರಿಸಿದರೆ ತಾವೇ ಬಂದು ಬಾಚಿಕೊಂಡು ಹೋಗುತ್ತಾರೆ ಎಂದಳು. ಅವಳ ತವರಿನವರು ಬೇಸಾಯದವರು. ನನಗೆ ಸಾರು ಎರಡರಷ್ಟು ರುಚಿಯಾಯಿತು.

ಮಾರನೆಯ ದಿನವೇ ಸಾರುವ ಮುನಿಯಪ್ಪನನ್ನು ಕರೆಸಿದೆ. ಸುತ್ತಿನ ಹಳ್ಳಿಗಳಲ್ಲಿ ತಮಟೆ ಹೊಡೆದು ಸುದ್ದಿ ಸಾರುವುದು ಅವನ ಕೆಲಸ. ಸ್ಕೂಲ್ ಮೈದಾನದ ಮೇಲೆ ಗೋಡು ಬಿದ್ದಿದೆ, ಬೇಕಾದವರು ಒಯ್ಯಬಹುದು ಎಂದು ಸಾರಲು ಹೇಳಿದೆ. ಅವನು ತಲೆಯಾಡಿಸಿದ. ನಾನು ನಿಶ್ಚಿಂತೆಯಾಗಿ ತಂಗಿಯ ಮಗುವಿನ ನಾಮಕರಣಕ್ಕೆಂದು ಬೆಂಗಳೂರಿನ ರೈಲು ಹತ್ತಿದೆ.

ವಾಪಸು ಬಂದಾಗ ಕಂಡದ್ದೇ ಆ ಗಾಡಿಗಳ ಸಾಲು.

ಚೀಲ ಹೊತ್ತುಕೊಂಡೇ ಮೈದಾನಕ್ಕೆ ಓಡಿದೆ. ಅರ್ಧ ಮೈದಾನದ ಗೋಡು ಹೋಗಿತ್ತು. ಅದು ಸಂತೋಷ. ಗೋಡಿನ ಕೆಳಗಿದ್ದ ಮೈದಾನವೂ ಹೋಗಿತ್ತು! ಗುದ್ದಲಿಗಳು ಇನ್ನೂ ಇಳಿಯುತ್ತಲೇ ಇದ್ದವು. ಒಂದು ಕಡೆಯಂತೂ ಸೊಂಟದವರೆಗೆ ಹಳ್ಳ. ಉಳಿದರ್ಧದ ಗೋಡಿನ ನಡುವೆ ಖಾದರ್ ಸಾಹೇಬರು ಮೊಣಕಾಲವರೆಗೆ ಹೂತು ನಿಂತು ಸೀಟಿ ಊದುತ್ತಿದ್ದರು. ನಿಲ್ಲಿಸಿ ಎಂದು ಊದುತ್ತಿದ್ದಾರೆ, ಪಾಪ. ಆದರೆ ನಮ್ಮ ಜನ ಸೀಟಿ ಕೇಳಿರುವುದು ರೈಲ್ವೆ ಸ್ಟೇಷನ್ನಿನಲ್ಲಿ. ಅಲ್ಲಿ ಗಾರ್ಡು ಸೀಟಿ ಊದಿದರೆ ಗಾಡಿ ಹೊರಡಬೇಕು ತಾನೆ? ಸಾಹೇಬರು ಒಂದು ಸಲ ಊದಿದರೆ ತುಂಬಿದ ಗಾಡಿ ಹೊರಡುವುದು, ಖಾಲಿ ಗಾಡಿ ಒಳಗೆ ಬರುವುದು. ಎಷ್ಟು ಶಿಸ್ತಾಗಿ ಸರದಿ ಬಿಡಿಸುತ್ತಾರಪ್ಪ ಈ ಸಾಹೇಬರು ಎಂದು ಗಾಡಿಯವರು ಮೆಚ್ಚಿಕೊಳ್ಳುತ್ತಿದ್ದರಂತೆ.

ಮುನಿಯಪ್ಪ ಅಲ್ಲೇ ಬೇವಿನ ಮರದ ಕೆಳಗೆ ಕೂತಿದ್ದ. ಏನಯ್ಯ ಸಾರಿದೆ ಎಂದು ಕೇಳಿದೆ. ಅವನಿಗೆ ಅಳುಕಿಲ್ಲ.

"ಇಸ್ಕೂಲ್ ಮೈದಾನದ ಮಣ್ಣು, ಬೇಕಾದೋರು ಒಯ್ಬೋದು ಅಂತ ಸಾರ್ದೆ ಬುದ್ದಿ. ಗೋಡು ಅಂದ್ರೆ ಕೆರೆ ಒಳಗಿರೋದು. ಮೈದಾನದಾಗಿರೋದು ಮಣ್ಣಲ್ವಾ? ನೀವು ಇಂಗ್ಲೀಸ್ ಮೇಷ್ಟ್ರು, ತಪ್ಪಿ ಹೇಳಿರ್ಬೇಕು ಅಂತ ನಾನೇ ಒಸಿ ಸರಿ ಮಾಡ್ದೆ" ಎಂದ.

ನಾನು ದಿನಾ ಹುಡುಗರ ಗ್ರಾಮರು ತಿದ್ದುವವನು. ಮುನಿಯಪ್ಪ ನನ್ನದನ್ನು ತಿದ್ದಿದ್ದ. ಬೈಯೋಣವೆಂದರೆ ಅವನ ಮಾತಿನಲ್ಲಿ ತಪ್ಪೆಲ್ಲಿದೆ ಹೇಳಿ?

ಗಾಡಿಯವರನ್ನು ಹೇಗೋ ನಿಲ್ಲಿಸಿದೆವು. ಹಳ್ಳದ ಅಂಚಿನಲ್ಲಿ ಮಗನಿಂದ ಮಂಕರಿಗೆ ಮಣ್ಣು ತುಂಬಿಸುತ್ತಿದ್ದವಳು ಹೊಂಗನೂರಿನ ಚಿಕ್ಕತಾಯಮ್ಮ. ಗಂಡ ಹೋದ ಮೇಲೆ ಹಿಪ್ಪುನೇರಳೆ ತೋಟ, ರೇಷ್ಮೆಹುಳದ ಮನೆ ಎರಡನ್ನೂ ತಾನೇ ನಡೆಸಿಕೊಂಡು ಬಂದ ಹೆಂಗಸು. ಅವಳ ಮಾತನ್ನು ಆ ಕಡೆಯ ಗಾಡಿಯವರೆಲ್ಲ ಕೇಳುತ್ತಾರೆ. ಮೇಲಿನ ಗೋಡು ಮಾತ್ರ ನಿಮ್ಮದು, ಕೆಳಗಿನದು ಮಕ್ಕಳು ಓಡುವ ಜಾಗ ಎಂದು ಅವಳಿಗೆ ಹೇಳಿದೆ. ಖಾದರ್ ಸಾಹೇಬರ ಕಥೆಯನ್ನೂ, ಸ್ಪೋರ್ಟ್ಸ್ ನಡೆಯದಿದ್ದರೆ ಜಾಗ ಹೋಗುವುದನ್ನೂ ಹೇಳಿದೆ.

ಅವಳು ಹಳ್ಳ ನೋಡಿದಳು, ಸಾಹೇಬರನ್ನು ನೋಡಿದಳು. ನೀರು ಬಂದ ಮೇಲೆ ಇಸ್ಕೂಲನ್ನೇ ಮುಚ್ಚಿಬಿಟ್ಟರು ಎಂದು ತಾವೆಲ್ಲ ತಿಳಿದಿದ್ದಾಗಿ ಹೇಳಿದಳು. ಇಲ್ಲದಿದ್ದರೆ ಯಾರಾದರೂ ಮೈದಾನದ ಮಣ್ಣನ್ನು ಸಾರಿ ಕೊಡುತ್ತಾರೆಯೇ ಎಂಬುದು ಅವಳ ಪ್ರಶ್ನೆ. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಮಾತು ಮುಗಿಸಿದಳು.

"ತೋಟಕ್ಕೆ ಬಿದ್ದ ಮಣ್ಣು ವಾಪಸ್ ಬರಾಕಿಲ್ಲ ಮೇಷ್ಟ್ರೇ, ಗೊಬ್ಬರದ ಜೊತೆ ಬೆರ್ತು ಹೋಗೈತೆ. ದಾರೀಲಿ ಗುಡ್ಡದ ತಾವ ಗರಸು ಬಿದ್ದೈತೆ. ಬರೋವಾಗ ಅದ್ನ ತುಂಬ್ಕಂಡ್ ಬತ್ತೀವಿ, ಹೋಗೋವಾಗ ಮಿಕ್ಕಿದ್ ಗೋಡು ತುಂಬ್ಕಂಡ್ ಹೋಯ್ತೀವಿ. ಬರೋವಾಗ ಬರೀ ಗಾಡಿ ಯಾಕ್ ಹೊಡೀಬೇಕು?"

ಮಾತೇನೋ ಚೆನ್ನಾಗಿತ್ತು. ಆದರೆ ಸೋಮವಾರ ಒಂದು ಗಾಡಿಯೂ ಬರಲಿಲ್ಲ. ಮಂಗಳವಾರವೂ ಇಲ್ಲ. ಅಧ್ಯಕ್ಷರು ಒಂದು ಸಲ ಬಂದು ಹಳ್ಳವನ್ನು ಬಗ್ಗಿ ನೋಡಿ, ಮೈದಾನದ ಉದ್ದವನ್ನು ಹೆಜ್ಜೆಯಲ್ಲಿ ಅಳೆದು ಹೋದರು. (ಬೈದು ಹೋಗಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.) ಹಳ್ಳಿಯವರ ಮಾತು ನಂಬಿ ಕೆಟ್ಟಿರಿ ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರು ಅಂದರು. ಇನ್ನೊಬ್ಬರು ಕಾನಕಾನಹಳ್ಳಿಗೆ ಬಸ್ಸು ಎಷ್ಟು ಹೊತ್ತಿಗಿದೆ ಎಂದು ವಿಚಾರಿಸತೊಡಗಿದರು. ನನಗೂ ನಂಬಿಕೆ ಹೋಗಿತ್ತು. ಖಾದರ್ ಸಾಹೇಬರು ಮಾತ್ರ ಬೆಳಿಗ್ಗೆ ಸಂಜೆ ಗೇಟಿನ ಬಳಿ ನಿಂತು ಹೊಂಗನೂರಿನ ದಾರಿ ನೋಡುತ್ತಿದ್ದರು. ಅವರ ಮುಖ ನೋಡಲಾಗದೆ ನಾನು ಹಿಂದಿನ ಬಾಗಿಲಿಂದ ಸ್ಕೂಲಿಗೆ ಹೋಗಿಬರುತ್ತಿದ್ದೆ.

ಬುಧವಾರ ಬೆಳಿಗ್ಗೆ ಬಾಗಿಲು ಬಡಿದರು. ತೆರೆದರೆ ಸಾಹೇಬರು. ಕೈಬೀಸಿ ಬನ್ನಿ ಬನ್ನಿ ಎಂದು ಕರೆಯುತ್ತಿದ್ದಾರೆ. ಹೋಗಿ ನೋಡಿದರೆ ಗೇಟಿನಿಂದ ಗೂಡಿನ ಮಾರ್ಕೆಟ್ಟಿನವರೆಗೂ ಗಾಡಿಗಳು. ಎಲ್ಲದರಲ್ಲೂ ಸಣ್ಣ ಕಲ್ಲು ಬೆರೆತ ಕೆಂಪು ಗರಸು. ಮುಂದಿನ ಗಾಡಿಯ ಮೇಲೆ ಚಿಕ್ಕತಾಯಮ್ಮ.

ಎರಡು ದಿನ ಯಾಕೆ ಬರಲಿಲ್ಲ ಎಂದು ಕೇಳಿಯೇಬಿಟ್ಟೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಊರಿನಲ್ಲಿ ಎಲ್ಲರ ಮನೆಯ ಹುಳ ಒಟ್ಟಿಗೇ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗಿದ್ದವಂತೆ. ಹಣ್ಣಾದ ಹುಳವನ್ನು ಆ ಕೂಡಲೇ ಬಿದಿರಿನ ಚಂದ್ರಿಕೆ ತಟ್ಟೆಗೆ ಹಾಕದಿದ್ದರೆ ಗೂಡು ಕಟ್ಟುವುದಿಲ್ಲ. ಅದನ್ನು ಬಿಟ್ಟು ಬರುವವರು ಯಾರು? ಹುಳ ನಿಮ್ಮ ಗಂಟೆ ನೋಡಿಕೊಂಡು ಹಣ್ಣಾಗುತ್ತದೆಯೇ ಎಂದು ಅವಳು ಕೇಳಿದಾಗ ಸ್ಟಾಫ್ ರೂಮಿನವರು ಯಾರೂ ಹತ್ತಿರದಲ್ಲಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಆಮೇಲಿನ ದಿನಗಳನ್ನು ಹೇಗೆ ವರ್ಣಿಸಲಿ? ಗಾಡಿ ಗರಸು ಸುರಿದು ಗೋಡು ತುಂಬಿಕೊಂಡು ಹೋಗುವುದು. ಈ ಸಲ ಸಾಹೇಬರ ಸೀಟಿಗೆ ನಿಜವಾಗಿಯೂ ಅದೇ ಅರ್ಥ. ಹುಡುಗರು ಹಳ್ಳ ತುಂಬಿ, ಇಡೀ ಮೈದಾನದ ಮೇಲೆ ಗರಸು ಹರಡಿದರು. ಮೈದಾನದ ಹಿಂದಿನ ಬೀದಿಯಲ್ಲಿ ನೂಲು ತೆಗೆಯುವ ಮನೆಗಳವರು ಬಿಂದಿಗೆಯಲ್ಲಿ ನೀರು ತಂದು ಹೊಯ್ದರು. ಯಾರೋ ಕಲ್ಲಿನ ರೋಲರಿಗೆ ತಮ್ಮ ಎತ್ತು ಕಟ್ಟಿದರು. ಸಂಜೆಯಾದರೆ ನಾವು ಮೇಷ್ಟ್ರುಗಳೂ ಪಂಚೆ ಎತ್ತಿಕಟ್ಟಿ ನೆಲ ಬಡಿಯುವ ದಿಮ್ಮಸು ಹಿಡಿಯುತ್ತಿದ್ದೆವು. (ಬಸ್ಸಿನ ಟೈಮು ವಿಚಾರಿಸಿದವರೇ ಎಲ್ಲರಿಗಿಂತ ಜೋರಾಗಿ ಬಡಿದರು.)

ನಮ್ಮೂರ ಮರದ ಬೊಂಬೆ ಮಾಡುವವರು ಬಂದು ನಮಗೇನು ಕೆಲಸ ಎಂದು ಕೇಳಿದರು. ಹರ್ಡಲ್ಸು, ರಿಲೇ ಕೋಲು ನೀರುಪಾಲಾದ ವಿಷಯ ಹೇಳಿದೆವು. ಎರಡೇ ದಿನದಲ್ಲಿ ಕಡೆದು ತಂದರು. ರಿಲೇ ಕೋಲುಗಳಂತೂ ನೋಡುವಂತಿದ್ದವು. ಕೆಂಪು, ಹಳದಿ, ಹಸಿರು ಅರಗಿನ ಬಣ್ಣ, ಮುಖ ಕಾಣುವಂಥ ಹೊಳಪು. ಸ್ಪೋರ್ಟ್ಸಿಗಿಂತ ತೊಟ್ಟಿಲಿಗೆ ಕಟ್ಟಲು ಚೆನ್ನಾಗಿದೆ ಎಂದು ನಮ್ಮ ಹೆಡ್ ಮಾಸ್ತರರು ಒಂದನ್ನು ಮನೆಗೆ ಒಯ್ಯುವವರಿದ್ದರು. ತಡೆದೆವು.

ಸ್ಪೋರ್ಟ್ಸಿನ ಹಿಂದಿನ ದಿನ ಮಧ್ಯಾಹ್ನ ಮಳೆ ಬಂತು.

ಹನಿಯಲ್ಲ, ಸರಿಯಾದ ಮಳೆ. ನಮ್ಮ ಮೈದಾನದ ಹಳೆಯ ಗುಣ ನನಗೆ ಗೊತ್ತು. ಜಿಗುಟು ಮಣ್ಣು. ಮಳೆ ಬಂದರೆ ಎರಡು ದಿನ ಹೆಜ್ಜೆ ಇಟ್ಟಲ್ಲಿ ಚಪ್ಪಲಿ ಬಿಟ್ಟು ಬರಬೇಕು. ಇಷ್ಟೆಲ್ಲ ಮಾಡಿ ಮಳೆಯಲ್ಲಿ ಕಳೆದುಕೊಂಡೆವಲ್ಲ ಎಂದು ಕ್ಲಾಸಿನ ಕಿಟಕಿಯ ಬಳಿ ನಿಂತು ಮಳೆಯನ್ನು ಬೈದುಕೊಂಡೆ. ಮಳೆ ನಿಂತದ್ದೇ ಖಾದರ್ ಸಾಹೇಬರು ಬೂಟು ಕಳಚಿಟ್ಟು ಬರಿಗಾಲಲ್ಲಿ ಮೈದಾನಕ್ಕೆ ಇಳಿದರು. ಒಂದು ಸುತ್ತು ನಡೆದರು. ಎಲ್ಲೂ ನೀರು ನಿಂತಿರಲಿಲ್ಲ, ಗರಸು ಕುಡಿದುಬಿಟ್ಟಿತ್ತು. ನನ್ನ ಮುಂದೆ ಬಂದು, ಒಂದು ಕೈ ನನ್ನ ಭುಜಕ್ಕೆ ಕೊಟ್ಟು, ಕಾಲೆತ್ತಿ ಅಂಗಾಲು ತೋರಿಸಿದರು.

"ನೋಡಿ ಮೇಷ್ಟ್ರೇ, ಒಂದು ಚೂರೂ ಅಂಟಿಲ್ಲ" ಎಂದರು.

ಅವರ ಕಣ್ಣಲ್ಲಿ ನೀರು. ನನ್ನ ಕಣ್ಣೂ ನೆಟ್ಟಗಿರಲಿಲ್ಲ. ಮುನಿಯಪ್ಪ ನನ್ನ ಮಾತು ತಿದ್ದದೇ ಇದ್ದಿದ್ದರೆ ಗೋಡು ಹೋಗಿ ಹಳೆಯ ಜಿಗುಟು ಮಣ್ಣೇ ಉಳಿದಿರುತ್ತಿತ್ತು. ಆ ಮಳೆಗೆ ಸ್ಪೋರ್ಟ್ಸ್ ನಿಂತೇಹೋಗುತ್ತಿತ್ತು. ಅವನಿಗೆ ಈ ಮಾತು ಹೇಳಬೇಕೆಂದಿದ್ದೇನೆ. ಹೇಳಿದರೆ ಇನ್ನು ಮುಂದೆ ನನ್ನ ಪ್ರತಿಯೊಂದು ಮಾತನ್ನೂ ತಿದ್ದುತ್ತಾನೆಂಬ ಹೆದರಿಕೆಯೂ ಇದೆ.

ಮಾರನೆಯ ದಿನ ಕ್ಲೋಸ್‌ಪೇಟೆಯ ಹುಡುಗರು ರೈಲಿನಲ್ಲಿ ಬಂದರು, ಕಾನಕಾನಹಳ್ಳಿಯವರು ಬಸ್ಸಿನಲ್ಲಿ. ಮಾಗಡಿಯವರ ಬಸ್ಸು ದಾರಿಯಲ್ಲಿ ಕೆಟ್ಟು, ಒಂದಷ್ಟು ದೂರ ಅವರೇ ಅದನ್ನು ತಳ್ಳಿಕೊಂಡು ಬಂದರು. ಸುಸ್ತಾಗಿದ್ದಾರೆ, ಇವರನ್ನು ಸೋಲಿಸುವುದು ಸುಲಭ ಎಂದುಕೊಂಡೆವು. ರಿಲೇ ಓಟದಲ್ಲಿ ನಮ್ಮ ಹುಡುಗರು ಎಲ್ಲರಿಗಿಂತ ಮುಂದಿದ್ದರು. ಕೊನೆಯ ಹುಡುಗನ ಕೈಗೆ ಕೋಲು ಕೊಡುವಾಗ ನಮ್ಮೂರ ಹೊಳಪು ಕೈಕೊಟ್ಟಿತು. ಬೆವರಿದ ಕೈಯಿಂದ ಕೋಲು ಮೀನಿನ ಹಾಗೆ ಜಾರಿತು. ಬೊಂಬೆಯವರು ತಲೆಯ ಮೇಲೆ ಕೈ ಹೊತ್ತರು. ಮಾಗಡಿಯ ಹುಡುಗರು ಮೊದಲೇ ಕೋಲಿಗೆ ನಮ್ಮ ಗರಸು ಉಜ್ಜಿ ಒರಟು ಮಾಡಿಕೊಂಡಿದ್ದರು. ಶೀಲ್ಡು ಮಾಗಡಿಗೆ ಹೋಯಿತು.

ಬೇಸರವಾಯಿತೇ? ನಿಜ ಹೇಳುತ್ತೇನೆ, ಆಗಲಿಲ್ಲ. ಮೈದಾನದ ಸುತ್ತ ಗಾಡಿಗಳ ಮೇಲೆ ಕೂತಿದ್ದ ಹೊಂಗನೂರಿನ ಜನ ಯಾವ ಊರಿನ ಹುಡುಗ ಗೆದ್ದರೂ ಕೇಕೆ ಹಾಕುತ್ತಿದ್ದರು. ಯಾರು ಓಡಿದರೂ ಓಡುತ್ತಿದ್ದದ್ದು ಅವರ ಗರಸಿನ ಮೇಲೆ.

ಎಲ್ಲ ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಅಧ್ಯಕ್ಷರು ಭಾಷಣಕ್ಕೆ ಎದ್ದರು. ಮೈದಾನವನ್ನು ಹೊಗಳಿದರು. ಎಂಥ ಗಟ್ಟಿ ನೆಲ, ಮಳೆ ಬಂದರೂ ಕೆಸರಿಲ್ಲ ಎಂದರು. ನಾನು ಚಪ್ಪಾಳೆ ತಟ್ಟಿದೆ. ಇಂಥ ನೆಲದ ಮೇಲೆ ಗಾಡಿ ನಿಂತರೂ ಗಾಲಿ ಹೂಳುವುದಿಲ್ಲ, ಆದ್ದರಿಂದ ಸಂತೆಯ ದಿನವಾದರೂ ಇದನ್ನು ಸ್ಟ್ಯಾಂಡು ಮಾಡಿದರೆ ಗಾಡಿಯವರಿಗೆ ಎಷ್ಟು ಅನುಕೂಲ ಎಂದರು. ನನ್ನ ಚಪ್ಪಾಳೆ ಅರ್ಧಕ್ಕೇ ನಿಂತಿತು. ಕೆಟ್ಟರೂ ಸ್ಟ್ಯಾಂಡು, ಚೆನ್ನಾದರೂ ಸ್ಟ್ಯಾಂಡು! ಸಂತೆಯ ದಿನವೆಂದು ಒಳಗೆ ಬಂದ ಗಾಡಿ ವಾರವಿಡೀ ನಿಲ್ಲದೆ ಇರುತ್ತದೆಯೇ? ಖಾದರ್ ಸಾಹೇಬರು ಬಾಯಿಗೆ ಇಟ್ಟಿದ್ದ ಸೀಟಿಯನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು.

ಅಧ್ಯಕ್ಷರು ಗಾಡಿಯವರ ಕಡೆ ತಿರುಗಿ, ಏನಂತೀರಿ, ನಿಮಗೆ ಒಳ್ಳೆಯದಲ್ಲವೇ ಎಂದು ನಗುತ್ತ ಕೇಳಿದರು. ಜೈಕಾರ ಬರುತ್ತದೆಂದು ಕಾದರು. ಚಿಕ್ಕತಾಯಮ್ಮ ಗಾಡಿಯ ಮೇಲೆ ಎದ್ದು ನಿಂತಳು.

"ನಮ್ಗೆ ಸ್ಟಾಂಡ್ ಬ್ಯಾಡ ಬುದ್ದಿ. ನಾವು ಇಲ್ಲಿ ನಿಲ್ಲಾಕೆ ಬರೋರಲ್ಲ. ಗೂಡು ಮಾರ್ಕಂಡು ಹೊತ್ತು ಮುಳುಗೋಕ್ ಮುಂಚೆ ಮನೆ ಸೇರೋರು. ಮಾರ್ಕೆಟ್ನೋರು ಗೂಡು ಬಿರ್ರನೆ ಹರಾಜ್ ಕೂಗಿ ಕಳ್ಸುದ್ರೆ ರೋಡಲ್ಲೂ ನಿಲ್ಲಾಕಿಲ್ಲ. ಗರಸು ಸುರ್ದಿರೋದು ಮಕ್ಳು ಓಡ್ಲಿ ಅಂತ."

ಅಷ್ಟು ಹೇಳಿ ಕೂತಳು. ಅವಳ ಸುತ್ತ ಇದ್ದವರು ಹೌದು ಹೌದು ಎಂದರು. ಅಧ್ಯಕ್ಷರು ಒಮ್ಮೆ ಕೆಮ್ಮಿದರು. ಹಾಗಾದರೆ ಮೈದಾನ ಸ್ಕೂಲಿನದೇ, ಇನ್ನು ಆ ಮಾತು ಎತ್ತುವುದಿಲ್ಲ ಎಂದು ಎಲ್ಲರೆದುರು ಹೇಳಿದರು. ಇವರು ಕೆಟ್ಟವರಲ್ಲ ಎಂದು ನಾನು ಸುಮ್ಮನೆ ಹೇಳಿದ್ದಲ್ಲ. ಖಾದರ್ ಸಾಹೇಬರು ನಿಂತಲ್ಲೇ ಅವಳಿಗೆ ಪಟಾಲಮ್ಮಿನ ಸಲ್ಯೂಟು ಹೊಡೆದರು. ಅದಕ್ಕೆ ಏನು ಮಾಡಬೇಕೆಂದು ತಿಳಿಯದೆ ಅವಳು ಎಲೆಯಡಿಕೆಯ ಚೀಲ ಬಿಚ್ಚಿದಳು.

ಆವತ್ತಿನಿಂದ ನನಗೆ ಒಂದೇ ಯೋಚನೆ. ಗಾಡಿಯವರಿಗೆ ಸ್ಟ್ಯಾಂಡು ಬೇಕು, ಗಾಡಿಯವರಿಗೆ ಸ್ಟ್ಯಾಂಡು ಬೇಕು ಎಂದು ಊರಿಗೆ ಊರೇ ಹೇಳುತ್ತಿದ್ದೆವಲ್ಲ, ಗಾಡಿಯವರನ್ನು ಒಂದು ಮಾತು ಕೇಳಿದ್ದವರು ಯಾರು?